ಸಾಣೆಕಲ್ಲು ಒಂದೇ ಸಾಕು

2024 ನವೆಂಬರ್ 10, ಭಾನುವಾರ, ಒಸಾಕಾ

ಮೇಲಿನ ಮನೆಯ ಹುಡುಗಿಯ ಜೊತೆ ಬೆಳಿಗ್ಗೆ ದೋಗುಯಾಸುಜಿಗೆ ಹೋಗಿದ್ದೆ. ಹೋಟೆಲಿನವರಿಗೆ ಬೇಕಾದ ಪಾತ್ರೆ ಪಡಗ, ಚಾಕು ಎಲ್ಲ ಸಿಗುವ ಬೀದಿ ಅದು. ಅವಳ ಸಾಂತೊಕು, ಅಂದರೆ ಮನೆಯಲ್ಲಿ ಎಲ್ಲದಕ್ಕೂ ಬಳಸುವ ಜಪಾನಿ ಚಾಕು, ಪೂರ್ತಿ ಮೊಂಡಾಗಿದೆ. ಟೊಮೆಟೊ ಹೆಚ್ಚಲು ಹೋದರೆ ಸಿಪ್ಪೆಯ ಮೇಲೆ ಜಾರುತ್ತದೆ.

"ಅಕ್ಕಾ, 400, 1000, 3000, 6000 ಎಲ್ಲಾ ಕಲ್ಲೂ ಬೇಕಂತೆ, ಹೌದಾ?" ಅಂದಳು.

ಬೇಡ ಅಂದೆ. ಈ ನಂಬರ್ ಹೆಚ್ಚಾದಷ್ಟೂ ಕಲ್ಲು ನುಣುಪು. ಜಪಾನಿನ ಕೈಗಾರಿಕಾ ಮಾನದಂಡವಾದ ಜೆಐಎಸ್ ಅಳತೆಯಲ್ಲಿ 1000ದ ಕಣ ಸುಮಾರು 11.5 ಮೈಕ್ರಾನ್ (ಮಿ.ಮೀ.ನ ಸಾವಿರದ ಒಂದು ಪಾಲು ಒಂದು ಮೈಕ್ರಾನ್), 6000ದ್ದು 2 ಮೈಕ್ರಾನ್. ಚಾಕುವಿನ ಬಾಯಿ, ಅಂದರೆ ಕತ್ತರಿಸುವ ಅಂಚು, ಅಲ್ಲಲ್ಲಿ ಮುರಿದಿದ್ದರೆ 400 ಬೇಕು. ಬರೀ ಮೊಂಡಾದ ಚಾಕುವಿಗೆ ಬಾಯಿ ಬರಿಸುವುದು 1000ದ ಕಲ್ಲೇ. ಅದರಲ್ಲಿ ಬಾರದ ಹರಿತ 6000ದಲ್ಲಿ ಬರುವುದಿಲ್ಲ, ಸುಮ್ನೆ ಹೊಳಪು ಬರುತ್ತದೆ ಅಷ್ಟೇ.

ಕೊನೆಗೆ ಎರಡು ಕಲ್ಲುಗಳ ಮುಂದೆ ನಿಂತೆವು. ಇಟ್ಟಿಗೆ ಬಣ್ಣದ ಕಿಂಗ್ 1000, ಕಿತ್ತಳೆ ಬಣ್ಣದ ಶಾಪ್ಟನ್ ಕುರೊಮಾಕು 1000. ಕಿಂಗ್ ಮೆತ್ತನೆಯದು. ಗುಳ್ಳೆ ಏಳುವುದು ನಿಲ್ಲುವವರೆಗೂ ನೀರಲ್ಲಿ ನೆನೆಸಬೇಕು. ಬೇಗ ಸವೆಯುತ್ತದೆ, ಆದರೆ ಕೈಗೆ ತುಂಬಾ ಹಿತ. ಶಾಪ್ಟನ್ ಗಟ್ಟಿ. ಅದನ್ನು ನೆನೆಸಿಡುವುದು ಬೇಡ, ಮೇಲೆ ನೀರು ಚಿಮುಕಿಸಿದರೆ ಸಾಕು. ಕೆಲಸದಿಂದ ಬಂದು, ಮಗುವನ್ನು ಮಲಗಿಸಿ ಚಾಕು ಹಿಡಿಯುವವಳಿಗೆ ಕಲ್ಲು ನೆನೆಸುತ್ತಾ ಕೂರುವ ಪುರುಸೊತ್ತು ಎಲ್ಲಿ? ಶಾಪ್ಟನ್ ಕೊಡಿಸಿದೆ. ಅದರ ಪ್ಲಾಸ್ಟಿಕ್ ಡಬ್ಬಿಯೇ ಕಲ್ಲಿಗೆ ಪೀಠವೂ ಆಗುತ್ತದೆ.

ಕ್ಯೋಟೋ ಕಡೆಯ ಗಣಿಗಳ ನೈಸರ್ಗಿಕ ಕಲ್ಲುಗಳ ಮುಂದೆ ನಾನೇ ಸ್ವಲ್ಪ ಹೊತ್ತು ನಿಂತುಬಿಟ್ಟೆ. ಅವುಗಳ ಮೇಲೆ ಇಂಥ ನಂಬರ್ ಇರುವುದಿಲ್ಲ. ಒಂದರ ಹಾಗೆ ಇನ್ನೊಂದಿಲ್ಲ. ಅದು ನನ್ನ ಆಸೆ, ಅವಳಿಗೆ ಬೇಕಾದ್ದಲ್ಲ.

ಮಧ್ಯಾಹ್ನ ನಮ್ಮ ಅಡುಗೆಮನೆಯಲ್ಲಿ ಕೂತೆವು. ಕಲ್ಲಿನ ಕೆಳಗೆ ಒದ್ದೆ ಬಟ್ಟೆ ಹಾಸಿದೆ, ಜಾರಬಾರದಲ್ವಾ. ಇಲ್ಲಿ ಅನೇಕರು ಚಾಕುವಿನ ಬೆನ್ನಿನ ಕೆಳಗೆ ಹತ್ತು ಯೆನ್‌ನ ಮೂರು ನಾಣ್ಯ ಹಿಡಿಯುವಷ್ಟು ಎತ್ತಿ ಅಂತಾರೆ. ಒಂದು ನಾಣ್ಯ 1.5 ಮಿ.ಮೀ. ದಪ್ಪ, ಮೂರು ಸೇರಿ 4.5. ಅವಳ ಅಲಗಿನ ಅಗಲ 45 ಮಿ.ಮೀ. ಲೆಕ್ಕ ಹಾಕಿದರೆ ಕಲ್ಲಿಗೂ ಅಲಗಿಗೂ ನಡುವಿನ ಕೋನ 6 ಡಿಗ್ರಿಯೂ ಆಗುವುದಿಲ್ಲ. ನನಗೆ ಬೇಕಾದ್ದು 15 ಡಿಗ್ರಿ. ಅದಕ್ಕೆ ಬೆನ್ನು ಹನ್ನೊಂದೂವರೆ ಮಿ.ಮೀ. ಮೇಲಿರಬೇಕು. ಅವಳ ಕಿರುಬೆರಳು ತೂರುವಷ್ಟು ಜಾಗ ಅದು. ಬೆರಳಿಟ್ಟು ತೋರಿಸಿದೆ.

ಚಾಕುವಿನ ಬಾಯಿಗೆ ಕಪ್ಪು ಮಾರ್ಕರ್ ಬಳಿದು ಎರಡು ಸಲ ಉಜ್ಜಿಸಿದೆ. ಮಸಿ ಮೇಲ್ಭಾಗದಲ್ಲಿ ಮಾತ್ರ ಹೋಗಿತ್ತು, ತುದಿಯಂಚಿನಲ್ಲಿ ಹಾಗೇ ಇತ್ತು. ಅಂದರೆ ಕಲ್ಲು ಬಾಯಿಗೆ ತಾಗುತ್ತಿಲ್ಲ. ಬೆನ್ನನ್ನು ಕೂದಲೆಳೆಯಷ್ಟು ಎತ್ತಿದಳು, ಮಸಿ ಅಂಚಿನವರೆಗೂ ಹೋಯಿತು. ಕಲ್ಲಿನ ಮೇಲೆ ಬೂದು ಬಣ್ಣದ ಕೆಸರು ಬಂತು. ತೊಳೆಯಲು ಹೋದಳು, ಕೈ ಹಿಡಿದೆ. ಆ ಕೆಸರೂ ಉಕ್ಕನ್ನು ತಿನ್ನುತ್ತದೆ, ಇರಲಿ.

ಒಂದೇ ಬದಿ ಮಸೆಯುತ್ತಾ ಹೋದರೆ ಆಚೆ ಬದಿಗೆ ಉಕ್ಕಿನ ತೆಳು ಅಂಚೊಂದು ಮಗುಚಿಕೊಳ್ಳುತ್ತದೆ. ಇಲ್ಲಿನವರು ಕಾಎರಿ ಅನ್ನುತ್ತಾರೆ. ಬೆನ್ನಿನಿಂದ ಬಾಯಿಯ ಕಡೆಗೆ ಹೆಬ್ಬೆರಳು ಸವರಿದರೆ ಸಣ್ಣಗೆ ತಡೆಯುತ್ತದೆ. ಹಿಡಿಯ ಬುಡದಿಂದ ತುದಿಯವರೆಗೂ ಅದು ಸಿಕ್ಕಿದ ಮೇಲೇ ಬದಿ ತಿರುಗಿಸಬೇಕು. ಎಷ್ಟು ಸಲ ಉಜ್ಜಬೇಕು ಅಂತ ಎಣಿಸುವುದರಲ್ಲಿ ನನಗೆ ನಂಬಿಕೆ ಇಲ್ಲ, ಬೆರಳಿಗೆ ಸಿಗುವುದೇ ಲೆಕ್ಕ. ಕೊನೆಯಲ್ಲಿ ಕೈ ಹಗುರ ಮಾಡಿ, ಬದಿ ಬದಲಿಸುತ್ತಾ ಆ ಕಾಎರಿಯನ್ನು ತೆಗೆಯಬೇಕು. ಅದು ಉಳಿದರೆ ಚಾಕು ಇವತ್ತು ಹರಿತ, ನಾಳೆ ಮತ್ತೆ ಮೊಂಡು.

ಟೊಮೆಟೊ ಸಲೀಸಾಗಿ ಹೋಳಾಯಿತು. "ಇನ್ನು 6000 ತಗೊಳ್ಳಲಾ ಅಕ್ಕಾ?" ಅಂದಳು. ಹಸಿ ಮೀನು ಕೊಯ್ಯುವವರಿಗೆ ಆ ನುಣುಪು ಬೇಕು. ಅವಳದು ಸಸ್ಯಾಹಾರಿ ಮನೆ. ಟೊಮೆಟೊ, ಬದನೆಯ ಸಿಪ್ಪೆಗೆ 1000 ಬಿಟ್ಟುಹೋಗುವ ಸಣ್ಣ ತರಿಯೇ ಚೆನ್ನಾಗಿ ಹಿಡಿಯುತ್ತದೆ. ಆ ದುಡ್ಡಿಗೆ ವಜ್ರದ ಪುಡಿ ಕೂರಿಸಿದ ತಗಡು ತಗೋ ಅಂದೆ. ಕಲ್ಲು ಮಸೆದಂತೆಲ್ಲ ನಡುವೆ ತಗ್ಗಾಗುತ್ತದೆ. ತಗ್ಗಿನ ಮೇಲೆ ಕೋನ ನಿಲ್ಲುವುದಿಲ್ಲ. ಕಲ್ಲಿನ ಮೇಲೆ ಪೆನ್ಸಿಲ್ ಗೆರೆ ಎಳೆದು, ಎಲ್ಲ ಗೆರೆ ಅಳಿಯುವವರೆಗೂ ಆ ತಗಡಿನಿಂದ ಉಜ್ಜಿದರೆ ಮಟ್ಟವಾಗುತ್ತದೆ. ಸದ್ಯಕ್ಕೆ ನನ್ನದನ್ನೇ ಕೊಟ್ಟು ಕಳಿಸಿದ್ದೇನೆ. ಕಲ್ಲನ್ನು ಬಿಸಿಲಿಗಿಡಬೇಡ, ನೆರಳಲ್ಲೇ ಒಣಗಿಸು ಅಂತಲೂ ಹೇಳಿದ್ದೇನೆ.