ಈಜು ಬರುತ್ತದೆ, ದೊಡ್ಡ ತೆರೆಗೆ ಬರಬಹುದಾ?

ನವೆಂಬರ್‌ನಿಂದ ಮಾರ್ಚ್‌ವರೆಗೆ ಶನಿವಾರ, ಭಾನುವಾರ ನಾನು ಗೋವಾದ ಆಶ್ವೆಂ ಕಡಲತೀರದಲ್ಲಿ ಹೊಸಬರಿಗೆ ಸರ್ಫಿಂಗ್ ಹೇಳಿಕೊಡುತ್ತೇನೆ. ಬೆಳಗಾವಿ, ಹುಬ್ಬಳ್ಳಿ, ಧಾರವಾಡದ ಕಡೆಯಿಂದ ಬರುವವರಿಗೆ ನಾನು ಕನ್ನಡದವಳು ಎಂದು ತಿಳಿದ ಕೂಡಲೇ ಮಾತು ಸಲೀಸಾಗುತ್ತದೆ. ಎರಡು ದಿನ ನೊರೆಯಲ್ಲಿ ಬಿದ್ದು ಎದ್ದು, ಕೊನೆಗೆ ಬೋರ್ಡ್ ಮೇಲೆ ನಿಂತು ದಡ ಮುಟ್ಟಿದ ಮೇಲೆ ಆ ಪ್ರಶ್ನೆ ಬಂದೇ ಬರುತ್ತದೆ.

"ಅಕ್ಕಾರ, ನನಗ ಈಜು ಚಲೋ ಬರ್ತೈತ್ರಿ. ಮಳಿಗಾಲ ಮುಗಿಯೂ ಹೊತ್ತಿಗೆ ದಕ್ಷಿಣ ಗೋವಾದ ಅಗೊಂದದಾಗ ದೊಡ್ಡ ದೊಡ್ಡ ತೆರಿ ಇರ್ತಾವಂತಲ್ಲ, ಅವಾಗ ಬರ್ಲೇನ್ರಿ?"

ಬೇಡ. ಇದೇ ನನ್ನ ಉತ್ತರ. ಆದರೆ ಕೇಳುವವರು ಪುಕ್ಕಲರಲ್ಲ, ಸುಮ್ಮನೆ ಕೇಳುವವರೂ ಅಲ್ಲ. ಬರೀ 'ಬೇಡ' ಎಂದು ಕಳಿಸಿದರೆ ಅವರು ನಾನಿಲ್ಲದ ದಿನ ಒಬ್ಬರೇ ಹೋಗಿ ಇಳಿಯುತ್ತಾರೆ. ಆ ಭಯಕ್ಕೇ ಇಷ್ಟು ಉದ್ದ ಬರೆಯುತ್ತಿದ್ದೇನೆ.

ಮೊದಲು ಈಜಿನ ಮಾತು. ನಮ್ಮಪ್ಪ ಹೊಳೆಆಲೂರಿನ ಕಡೆಯವರು. ಮುರಗಾಂವ್ ಬಂದರಿನಲ್ಲಿ ದುಡಿಯಲು ಬಂದು ವಾಸ್ಕೊದಲ್ಲೇ ಉಳಿದರು. ಬೆನ್ನಿಗೆ ಸೋರೆಬುರುಡೆ ಕಟ್ಟಿಕೊಂಡು ಬಾವಿಗೆ ಹಾರಿ ಕಲಿತವರು, ಆಮೇಲೆ ತುಂಬಿದ ಮಲಪ್ರಭೆಯಲ್ಲಿ ಈಜಿದವರು. ನನಗೆ ಈಜು ಬಂದದ್ದು ಅವರಿಂದಲೇ. ಹಾಗಾಗಿ ನಮ್ಮ ಕಡೆಯ ಈಜನ್ನು ನಾನು ಕಡಿಮೆ ಮಾಡಿ ಹೇಳುತ್ತಿಲ್ಲ. ಆದರೆ ಬಾವಿಯ ನೀರು ಇದ್ದಲ್ಲೇ ಇರುತ್ತದೆ, ಹೊಳೆಯ ನೀರು ಒಂದೇ ದಿಕ್ಕಿಗೆ ಹರಿಯುತ್ತದೆ. ತೆರೆ ಒಡೆಯುವ ಜಾಗದ ನೀರು ಮೇಲಿನಿಂದ ಬೀಳುತ್ತದೆ, ಕೆಳಗಿನಿಂದ ಎಳೆಯುತ್ತದೆ, ಪಕ್ಕದಿಂದ ವಾಪಸ್ ಸಮುದ್ರಕ್ಕೆ ಹೋಗುತ್ತದೆ. ಮೂರೂ ಒಂದೇ ಹೊತ್ತಿಗೆ ನಡೆಯುತ್ತವೆ.

ಆಶ್ವೆಂನಲ್ಲಿ ನೀವು ನಿಂತ ತೆರೆಯೂ ಬೀಚ್ ಬ್ರೇಕೇ. ಅಂದರೆ ಬಂಡೆಯ ಮೇಲಲ್ಲ, ಮರಳಿನ ಮೇಲೆ ಒಡೆಯುವ ತೆರೆ. ಅಗೊಂದದ್ದೂ ಅದೇ. ಈ ಎರಡು ತೀರಗಳ ನಡುವಿನ ವ್ಯತ್ಯಾಸವೆಲ್ಲ ಆ ಮರಳು ಹೇಗೆ ಕೂತಿದೆ ಎಂಬುದರಲ್ಲಿದೆ. ನೀರಿನ ಆಳ ತೆರೆಯ ಎತ್ತರದ ಸುಮಾರು 1.3 ಪಟ್ಟಿಗೆ ಇಳಿದಾಗ ತೆರೆ ಒಡೆಯುತ್ತದೆ. ಆಶ್ವೆಂನಲ್ಲಿ ನೆಲ ನಿಧಾನವಾಗಿ ಏರುತ್ತದೆ. ಒಂದು ಮೀಟರಿನ ತೆರೆ ದೂರದಲ್ಲೇ ಒಡೆಯಲು ಶುರುವಾಗಿ, ಉರುಳುತ್ತಾ ಉರುಳುತ್ತಾ ಕಸುವೆಲ್ಲ ಕಳೆದುಕೊಂಡು ನಿಮ್ಮ ಹತ್ತಿರ ಬರುವಾಗ ಮೊಣಕಾಲೆತ್ತರದ ನೊರೆಯಾಗಿರುತ್ತದೆ. ಆ ನೊರೆ ನಿಮ್ಮನ್ನು ನೂಕುತ್ತದೆ, ನೀವು ಎದ್ದು ನಿಲ್ಲುತ್ತೀರಿ.

ಅಗೊಂದದ ದಂಡೆ ಕಡಿದು. ಮಳೆಗಾಲದ ಸಮುದ್ರ ದಂಡೆಯ ಮರಳನ್ನು ಎಳೆದುಕೊಂಡು ಹೋಗಿ ಸ್ವಲ್ಪ ಒಳಗೆ ದಿಬ್ಬ ಕಟ್ಟಿರುತ್ತದೆ. ದಿಬ್ಬದ ಆಚೆ ಆಳ. ತೆರೆ ಆ ಆಳದಿಂದ ತನ್ನ ವೇಗದಲ್ಲೇ ಬಂದು ದಿಬ್ಬಕ್ಕೆ ಎಡವುತ್ತದೆ. ಬುಡ ತಡೆದು ನಿಲ್ಲುತ್ತದೆ, ತಲೆ ಮುಂದಕ್ಕೆ ಹೋಗುತ್ತದೆ, ಮೇಲಿನ ತುಟಿ ಬಾಗಿ ಒಂದೇ ಏಟಿಗೆ ಕೆಳಗೆ ಬೀಳುತ್ತದೆ. ಒಂದು ಘನ ಮೀಟರ್ ನೀರಿನ ತೂಕ ಒಂದು ಟನ್. ಬೀಳುವ ಮೊದಲು ತೆರೆ ತನ್ನ ಮುಂದಿನ ನೀರನ್ನೂ ಹೀರಿಕೊಳ್ಳುವುದರಿಂದ ಕೆಳಗೆ ಸೊಂಟದಷ್ಟೂ ನೀರಿರುವುದಿಲ್ಲ. "ಮರಳಲ್ಲೇನ್ರಿ, ಬಂಡಿ ಅಲ್ಲಲ್ಲ" ಎಂದು ಹುಡುಗರು ಧೈರ್ಯ ತಂದುಕೊಳ್ಳುತ್ತಾರೆ. ನನಗೆ ಅತಿ ಹೆಚ್ಚು ಹೆದರಿಕೆ ಹುಟ್ಟಿಸುವ ಮಾತು ಅದು. ನೀರು ಆಡಿ ಗಟ್ಟಿಯಾದ ಮರಳಿಗೆ ತಲೆ ಕೆಳಗಾಗಿ ಬಿದ್ದರೆ ಅದು ಸಿಮೆಂಟಿನ ನೆಲವೇ. ಕುತ್ತಿಗೆ ಮುರಿಯಲು ಎರಡಾಳು ಎತ್ತರದ ತೆರೆ ಬೇಕಿಲ್ಲ, ಎದೆಯೆತ್ತರದ್ದು ಸಾಕು.

ಎತ್ತರ ಎಂದಾಗ ಇನ್ನೊಂದು ಮಾತು. ಎಲ್ಲರೂ ಫೋನಿನಲ್ಲಿ ಮುನ್ಸೂಚನೆ ನೋಡಿ "ಬರೀ ಒಂದೂವರೆ ಮೀಟರ್" ಎನ್ನುತ್ತಾರೆ. ತೆರೆಯ ಎತ್ತರ ಎರಡು ಪಟ್ಟಾದರೆ ಅದರ ಶಕ್ತಿ ನಾಲ್ಕು ಪಟ್ಟಾಗುತ್ತದೆ. ಅಷ್ಟೇ ಅಲ್ಲ, ಮೀಟರಿನ ಪಕ್ಕದಲ್ಲಿ ಸೆಕೆಂಡುಗಳ ಲೆಕ್ಕವೂ ಇರುತ್ತದೆ, ಒಂದು ತೆರೆಗೂ ಮುಂದಿನದಕ್ಕೂ ನಡುವಿನ ಹೊತ್ತು. ಅದನ್ನು ಯಾರೂ ನೋಡುವುದಿಲ್ಲ. ಹತ್ತಿರದ ಗಾಳಿ ಎಬ್ಬಿಸಿದ ತೆರೆ ಆರೇಳು ಸೆಕೆಂಡಿಗೊಂದು ಬರುತ್ತದೆ, ಅದರ ಬೇರು ಮೇಲೆಮೇಲೆಯೇ. ಹದಿನಾಲ್ಕು, ಹದಿನೈದು ಸೆಕೆಂಡಿನದು ಇಲ್ಲಿ ಹುಟ್ಟಿದ್ದಲ್ಲ. ಹಿಂದೂ ಮಹಾಸಾಗರದ ದಕ್ಷಿಣ ತುದಿಯಲ್ಲಿ ಎದ್ದ ಬಿರುಗಾಳಿಯಿಂದ ಹೊರಟು, ದಿನಕ್ಕೆ ಸುಮಾರು ಸಾವಿರ ಕಿಲೋಮೀಟರ್ ನಡೆದು, ವಾರದ ಮೇಲೆ ನಮ್ಮ ದಡಕ್ಕೆ ಬಂದದ್ದು. ನೂರೈವತ್ತು ಮೀಟರ್ ಆಳದ ನೆಲವೂ ಅದಕ್ಕೆ ತಾಗುತ್ತದೆ. ಇಲ್ಲಿ ಗಾಳಿಯಿಲ್ಲ, ಮೋಡವಿಲ್ಲ, ಬಿಸಿಲು ಹೊಳೆಯುತ್ತಿರುತ್ತದೆ, ಆದರೂ ಸಮುದ್ರ ಉಬ್ಬುತ್ತದೆ. ಕೇರಳದ ಮೀನುಗಾರರು ಇದನ್ನು ಕಳ್ಳಕ್ಕಡಲ್ ಎನ್ನುತ್ತಾರೆ. ಕಳ್ಳ ಕಡಲು, ನಮಗೆ ಅರ್ಥ ಹೇಳಬೇಕಿಲ್ಲ. ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಇಂಥ ಉಬ್ಬಿನ ಎಚ್ಚರಿಕೆ ಕೊಡುತ್ತದೆ. ಗೋವಾಕ್ಕೆ ಹೊರಡುವ ಮುನ್ನ ಹೋಟೆಲಿನ ರೇಟು ನೋಡುವಷ್ಟೇ ಶ್ರದ್ಧೆಯಿಂದ ಅದನ್ನೂ ನೋಡಿ.

ಜಗತ್ತಿನಲ್ಲಿ ಇದಕ್ಕಿಂತ ಎಷ್ಟೋ ಭಾರದ ಮರಳ ತೆರೆಗಳಿವೆ. ಫ್ರಾನ್ಸಿನ ಒಸ್ಸೆಗೋರ್‌ನಲ್ಲಿ ಸಮುದ್ರದೊಳಗಿನ ಆಳವಾದ ಕಣಿವೆಯೊಂದು ದಡದ ಸಮೀಪದವರೆಗೂ ಬಂದಿದೆ. ಅಟ್ಲಾಂಟಿಕ್‌ನ ಉಬ್ಬು ಅದರ ಮೇಲೆ ಕಸುವು ಕಳೆದುಕೊಳ್ಳದೆ ಬಂದು ನೇರ ಮರಳಿಗೆ ಬಡಿಯುತ್ತದೆ. ಮೆಕ್ಸಿಕೋದ ಸಿಕಾತೆಲಾ ಕಡಲತೀರದ್ದೂ ಇದೇ ಜಾತಿಯ ತೆರೆ. ನಮ್ಮ ಪಶ್ಚಿಮ ಕರಾವಳಿಯ ಮುಂದೆ ಹತ್ತಾರು ಕಿಲೋಮೀಟರ್ ಅಗಲದ ಆಳವಿಲ್ಲದ ನೆಲ ಹಾಸಿಕೊಂಡಿರುವುದರಿಂದ ಆ ಮಟ್ಟದ ಏಟು ನಮಗೆ ಬೀಳುವುದಿಲ್ಲ. ಆದರೆ ಮರಳ ತೆರೆಗೆ ಯಾವ ದೊಡ್ಡ ಹೆಸರಿನ ಮುಲಾಜೂ ಇಲ್ಲ. ಟೋಕಿಯೊ ಒಲಿಂಪಿಕ್ಸ್‌ನ ಸರ್ಫಿಂಗ್ ನಡೆದದ್ದು ತ್ಸುರಿಗಸಾಕಿ ಎಂಬ ಮರಳ ತೀರದಲ್ಲಿ. 2021ರ ಜುಲೈ 27ರ ಫೈನಲ್‌ನಲ್ಲಿ ಬ್ರೆಜಿಲ್‌ನ ಇಟಾಲೊ ಫೆರೇರಾನ ಬೋರ್ಡ್ ಮೊದಲ ತೆರೆಯಲ್ಲೇ ಮುರಿಯಿತು. ಆತ ಬೇರೆ ಬೋರ್ಡ್ ಹಿಡಿದು ಮತ್ತೆ ಒಳಗೆ ಹೋಗಿ ಚಿನ್ನ ಗೆದ್ದ. ಹುಡುಗರಿಗೆ ಚಿನ್ನ ನೆನಪಿರುತ್ತದೆ. ನನಗೆ ನೆನಪಿರುವುದು, ಬೋರ್ಡ್ ಎರಡು ತುಂಡಾದ ಮೇಲೂ ಆತ ಗಾಬರಿಯಾಗದೆ ದಡಕ್ಕೆ ಬಂದದ್ದು.

ಯಾಕೆಂದರೆ ನಾನು ಗಾಬರಿಯಾಗಿದ್ದೆ.

ಆಶ್ವೆಂನಲ್ಲಿ ಮೂರು ಹಂಗಾಮು ಕಳೆದಿದ್ದೆ. ಸೆಪ್ಟೆಂಬರ್ ಕೊನೆಯ ಒಂದು ಬೆಳಿಗ್ಗೆ ಅಗೊಂದಕ್ಕೆ ಹೋದೆ. ಗಾಳಿ ಇರಲಿಲ್ಲ, ನೀರು ಕನ್ನಡಿಯ ಹಾಗಿತ್ತು. ಐದು ನಿಮಿಷ ನೋಡಿದೆ, ದೊಡ್ಡದೇನೂ ಕಾಣಲಿಲ್ಲ. ಇಳಿದೆ. ದೂರದಿಂದ ಬರುವ ಉಬ್ಬು ಗುಂಪುಗುಂಪಾಗಿ ಬರುತ್ತದೆ, ನಡುವೆ ಹತ್ತು ಹದಿನೈದು ನಿಮಿಷ ಸಮುದ್ರ ಸುಮ್ಮನಿರುತ್ತದೆ ಎಂಬುದು ನನಗೆ ತಿಳಿದಿತ್ತು. ತಿಳಿದಿದ್ದನ್ನು ಆ ಬೆಳಿಗ್ಗೆ ಉಪಯೋಗಿಸಲಿಲ್ಲ. ಅರ್ಧ ದಾರಿಯಲ್ಲಿದ್ದಾಗ ಆಚೆ ಕಡೆ ಕಪ್ಪು ಗೆರೆಗಳು ಎದ್ದವು. ಮೊದಲನೆಯದು ನನ್ನ ಮುಂದೆಯೇ ಬಾಗಿತು. ನೀರೊಳಗೆ ಮೇಲೆ ಯಾವುದು ಕೆಳಗೆ ಯಾವುದು ಗೊತ್ತಾಗಲಿಲ್ಲ, ಭುಜ ಮರಳಿಗೆ ಉಜ್ಜಿತು, ಬೋರ್ಡನ್ನು ಕಾಲಿಗೆ ಕಟ್ಟಿದ ಹಗ್ಗ, ಅಂದರೆ ಲೀಶ್, ಜಗ್ಗಿತು. ಮೇಲೆ ಬಂದು ಒಂದೇ ಉಸಿರು ತೆಗೆದುಕೊಳ್ಳುವಷ್ಟರಲ್ಲಿ ಎರಡನೆಯದು. ಅದರಲ್ಲಿ ಲೀಶ್ ಹರಿಯಿತು. ಬೋರ್ಡ್ ದಡ ಸೇರಿತು, ನಾನು ನೀರಲ್ಲಿ ಉಳಿದೆ.

ಆಗ ಎಲ್ಲರೂ ಮಾಡುವುದನ್ನೇ ಮಾಡಿದೆ, ನೇರ ದಡಕ್ಕೆ ಈಜಿದೆ. ದಂಡೆಯ ಮೇಲಿನ ಒಂದು ತೆಂಗಿನ ಮರಕ್ಕೆ ಕಣ್ಣಿಟ್ಟು ಕೈ ಬೀಸಿದೆ. ಎಷ್ಟು ಬೀಸಿದರೂ ಮರ ಹತ್ತಿರ ಬರಲಿಲ್ಲ, ಸ್ವಲ್ಪ ಸ್ವಲ್ಪ ಸಣ್ಣದಾಗುತ್ತಿತ್ತು. ತೆರೆಗಳು ದಡಕ್ಕೆ ತಂದು ಸುರಿದ ನೀರು ವಾಪಸ್ ಹೋಗಲು ದಿಬ್ಬದಲ್ಲಿ ಒಂದು ಓಣಿ ಮಾಡಿಕೊಂಡಿರುತ್ತದೆ, ನಾನು ಆ ಸೆಳವಿನಲ್ಲಿದ್ದೆ. ರಿಪ್ ಕರೆಂಟ್ ಎನ್ನುವುದು ಇದನ್ನೇ. ಜೋರಿರುವ ದಿನ ಅದು ಸೆಕೆಂಡಿಗೆ ಎರಡು ಮೀಟರ್‌ವರೆಗೂ ಹರಿಯಬಲ್ಲದು. ಒಳ್ಳೆಯ ಈಜುಗಾರರ ವೇಗ ಸೆಕೆಂಡಿಗೆ ಒಂದು ಮೀಟರ್. ಲೆಕ್ಕ ಅಲ್ಲಿಗೇ ಮುಗಿಯಿತು.

ದಂಡೆಯಲ್ಲಿ ಬಲೆ ಸರಿಪಡಿಸುತ್ತಿದ್ದ ಒಬ್ಬ ಮೀನುಗಾರ ಎದ್ದು ನಿಂತು, ಕೈಯನ್ನು ಉದ್ದಕ್ಕೆ ಚಾಚಿ ಪಕ್ಕಕ್ಕೆ ತೋರಿಸಿದರು. ಅಪ್ಪ ಹೊಳೆಯ ದಂಡೆಯಲ್ಲಿ ಹೇಳುತ್ತಿದ್ದ ಮಾತು ಆಗ ತಲೆಗೆ ಬಂತು: "ಸೆಳವಿನ ಎದುರು ಬಡಿದಾಡಬ್ಯಾಡ, ಓರೆ ಹಿಡಿ." ದಡ ಬಿಟ್ಟು, ದಡದ ಉದ್ದಕ್ಕೆ ಈಜಿದೆ. ನೊರೆ ಏಳುವ ಕಡೆ ಬಂದ ಮೇಲೆ ಅದೇ ನನ್ನನ್ನು ದಂಡೆಗೆ ಹೊತ್ತು ಹಾಕಿತು. ಅವರು ಬಂದು ಕೇಳಿದ್ದು ಒಂದೇ, ಇಳಿಯುವ ಮೊದಲು ಸಮುದ್ರ ನೋಡಿದೆಯಾ ಎಂದು. ನೋಡಿದೆ ಎಂದೆ. ಎಷ್ಟು ಹೊತ್ತು ಎಂದರು. ಅವರ ಮನೆಯವರು ದೋಣಿ ಇಳಿಸುವ ಮುನ್ನ ಅರ್ಧ ಗಂಟೆ ಸುಮ್ಮನೆ ನಿಂತು ನೋಡುತ್ತಾರಂತೆ, ತಲೆತಲಾಂತರದಿಂದ ಅದೇ ಸಮುದ್ರವಾದರೂ.

ಆಮೇಲೆ ನಾನು ಕಲಿತದ್ದೆಲ್ಲ ಆ ಅರ್ಧ ಗಂಟೆಯದು. ಸ್ವಲ್ಪ ಎತ್ತರದ ಜಾಗದಲ್ಲಿ ಕೂತು ನೋಡಿದರೆ ಮರಳು ಕಣ್ಣಿಗೆ ಬೀಳದಿದ್ದರೂ ಅದರ ನಕ್ಷೆ ಕಾಣುತ್ತದೆ. ಬಿಳಿ ನೊರೆ ಎಲ್ಲಿ ಮತ್ತೆ ಮತ್ತೆ ಏಳುತ್ತದೋ ಅಲ್ಲಿ ದಿಬ್ಬ. ಎರಡು ನೊರೆಗಳ ನಡುವೆ ನೀರು ಕಪ್ಪಾಗಿ, ಸಮಾಧಾನವಾಗಿ ಕಂಡರೆ ಅಲ್ಲಿ ಸೆಳವು. ಹೊಸಬರು 'ಇಲ್ಲಿ ತೆರೆಯೇ ಇಲ್ಲ, ಆರಾಮ' ಎಂದು ಅಲ್ಲೇ ಇಳಿಯುತ್ತಾರೆ. ಪಳಗಿದವರು ಅದೇ ಸೆಳವನ್ನು ಹೊರಗೆ ಹೋಗುವ ರಸ್ತೆ ಮಾಡಿಕೊಳ್ಳುತ್ತಾರೆ. ತೆರೆ ಒಂದು ತುದಿಯಿಂದ ಶುರುವಾಗಿ ಪಕ್ಕಕ್ಕೆ ಬಿಚ್ಚುತ್ತಾ ಹೋದರೆ ಅದರ ಹೆಗಲ ಮೇಲೆ ಓಡಬಹುದು. ಉದ್ದಕ್ಕೂ ಗೋಡೆ ಕುಸಿದ ಹಾಗೆ ಒಂದೇ ಸಲ ಬಿದ್ದರೆ ಅದು ಕ್ಲೋಸ್‌ಔಟ್, ಎಂಥವರಿಗೂ ಅದರಲ್ಲಿ ದಾರಿಯಿಲ್ಲ. ಉಬ್ಬರಕ್ಕೆ ಚೆನ್ನಾಗಿದ್ದದ್ದು ಇಳಿತಕ್ಕೆ ಕೆಡುತ್ತದೆ. ಅಮಾವಾಸ್ಯೆ, ಹುಣ್ಣಿಮೆಯ ಸುತ್ತ ಗೋವಾದಲ್ಲಿ ನೀರು ಎರಡು ಮೀಟರಿನಷ್ಟು ಏರಿಳಿಯುವುದರಿಂದ ಎರಡು ಗಂಟೆಯಲ್ಲಿ ತೆರೆಯ ಸ್ವಭಾವವೇ ಬದಲಾಗುತ್ತದೆ. ಮತ್ತು ಮರಳು ನಿಂತಲ್ಲಿ ನಿಲ್ಲುವುದಿಲ್ಲ. ಬಂಡೆಯ ಮೇಲೆ ಒಡೆಯುವ ತೆರೆಯನ್ನು ಒಮ್ಮೆ ಕಲಿತರೆ ಮುಂದಿನ ವರ್ಷವೂ ಅಲ್ಲೇ ಸಿಗುತ್ತದೆ. ಹೋದ ವಾರ ನಾನು ಹತ್ತಿದ ದಿಬ್ಬ ಈ ವಾರ ಇಲ್ಲ. ಬಾಯಿಪಾಠ ಮಾಡಲು ಬರುವುದಿಲ್ಲ, ಪ್ರತಿ ಸಲ ಹೊಸದಾಗಿ ಓದಬೇಕು. ಜೋರಾದ ಬೀಚ್ ಬ್ರೇಕ್ ಪಳಗಿದವರಿಗೆ ಎನ್ನುವುದು ಇದಕ್ಕೇ ಹೊರತು ತೋಳಿನ ಬಲಕ್ಕಲ್ಲ.

ಹಾಗಾದರೆ ಯಾವಾಗ ಬರಬಹುದು? ಒಂದು ಗುರುತು ಹೇಳುತ್ತೇನೆ. ತಯಾರಾದವರು 'ಬರಬಹುದಾ' ಎಂದು ಕೇಳುವುದಿಲ್ಲ. 'ಇಳಿತ ಎಷ್ಟಕ್ಕ್ರಿ? ಸೆಳವು ಯಾವ ಕಡೆ ಐತಿ? ಬೋರ್ಡ್ ಹೋದ್ರ ಎಲ್ಲಿಂದ ಹೊರಗ ಬರೂದು?' ಎಂದು ಕೇಳುತ್ತಾರೆ. ಕಲಿಯುವವರ ದೊಡ್ಡ ಮೆತ್ತನೆ ಬೋರ್ಡ್ ಅಲ್ಲಿ ನಡೆಯದು, ಅದನ್ನು ತೆರೆಯಡಿ ಮುಳುಗಿಸಲು ಆಗುವುದಿಲ್ಲ. ಸಣ್ಣ ಬೋರ್ಡಿನ ಮೂತಿ ಒತ್ತಿ ತೆರೆಯ ಕೆಳಗಿನಿಂದ ನುಸುಳುವ ಡಕ್ ಡೈವ್ ಯೋಚಿಸದೆ ಬರಬೇಕು. ಬೀಳುವಾಗ ತಲೆ ಮುಂದೆ ಮಾಡದೆ ಚಪ್ಪಟೆಯಾಗಿ ಬೀಳಬೇಕು, ಎರಡೂ ತೋಳುಗಳಿಂದ ತಲೆ ಮುಚ್ಚಬೇಕು. ಬೋರ್ಡ್ ಎಂದೂ ತೆರೆಗೂ ನಿಮಗೂ ನಡುವೆ ಇರಕೂಡದು. ಬೋರ್ಡಿಲ್ಲದೆ, ಸುಸ್ತಾದ ಮೇಲೂ, ಸಮುದ್ರದಲ್ಲಿ ಅರ್ಧ ಕಿಲೋಮೀಟರ್ ಈಜುವ ಶಕ್ತಿ ಉಳಿದಿರಬೇಕು. ಜೊತೆಗೊಬ್ಬರು ಇರಲೇಬೇಕು. 2008ರಿಂದ ಗೋವಾದ ತೀರಗಳಲ್ಲಿ ದೃಷ್ಟಿ ಸಂಸ್ಥೆಯ ಜೀವರಕ್ಷಕರಿದ್ದಾರೆ. ಅವರು ಕೆಂಪು ಬಾವುಟ ನೆಟ್ಟ ಕಡೆ ನಾನೂ ಇಳಿಯುವುದಿಲ್ಲ.

ಹುಡುಗರು ಸರ್ಫರ್ ರಮೇಶ್ ಬೂದಿಹಾಳ್‌ನ ವಿಡಿಯೋ ತೋರಿಸುತ್ತಾರೆ. 2025ರಲ್ಲಿ ಮಹಾಬಲಿಪುರಂನಲ್ಲಿ ನಡೆದ ಏಷ್ಯನ್ ಚಾಂಪಿಯನ್‌ಶಿಪ್‌ನಲ್ಲಿ ಆತ ಕಂಚು ಗೆದ್ದಾಗ ನನಗೂ ಕಣ್ಣು ತುಂಬಿತ್ತು, ಹೆಸರು ಕೇಳಿದರೇ ನಮ್ಮ ಕಡೆಯದು. ಆದರೆ ಆತ ಕೋವಳಂನ ನೀರಲ್ಲಿ ಚಿಕ್ಕಂದಿನಿಂದ ಬೆಳೆದವನು. ವಾರಾಂತ್ಯಕ್ಕೆ ಚೋರ್ಲಾ ಘಾಟ್ ಇಳಿದು ಬಂದು ಸೋಮವಾರ ಕೆಲಸಕ್ಕೆ ಹೋಗುವವರು ಆ ವರ್ಷಗಳನ್ನು ಬೇರೆ ಥರ ಗಳಿಸಬೇಕು. ಗೋವಾ ದೂರವಾದರೆ ನಮ್ಮದೇ ಮುಲ್ಕಿ ಇದೆ, 2004ರಿಂದ ಅಲ್ಲಿ ಸರ್ಫಿಂಗ್ ಕಲಿಸುತ್ತಿದ್ದಾರೆ.

ಇಷ್ಟಾದ ಮೇಲೂ ಅಗೊಂದದ ಆ ತೆರೆಗಳನ್ನು ನೋಡಬೇಕು ಎನಿಸಿದರೆ ಖಂಡಿತ ಬನ್ನಿ. ಮಳೆ ತಗ್ಗಿದ ಮೇಲೆ, ಸೆಪ್ಟೆಂಬರ್ ಕೊನೆಗೆ, ಬೆಳಿಗ್ಗೆ ಆರೂವರೆಗೆ. ಬೋರ್ಡ್ ತರಬೇಡಿ. ಟೋಪಿ, ನೀರಿನ ಬಾಟಲಿ, ಕೈಗಡಿಯಾರ ತನ್ನಿ. ದಂಡೆಯ ಮೇಲೆ ಜೊತೆಗೆ ಕೂರೋಣ. ಒಂದು ಗುಂಪಿಗೂ ಮುಂದಿನ ಗುಂಪಿಗೂ ಎಷ್ಟು ನಿಮಿಷ, ಒಂದು ಗುಂಪಿನಲ್ಲಿ ಎಷ್ಟು ತೆರೆ, ಸೆಳವು ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ನೀವು ಹೇಳಿ, ನಾನು ಬರೆದುಕೊಳ್ಳುತ್ತೇನೆ.