ಹದಿನಾಲ್ಕು ಮಾರ್ಕ್ಸಿನ ಆ ಪೇಪರು

ನಾನು ಎಸ್ಸೆಸ್ಸೆಲ್ಸಿ ಬರ್ದಿದ್ದು 2009ರಲ್ಲಿ, ಚಳ್ಳಕೆರೆ ಕಡೆ ಒಂದು ಹಳ್ಳಿ, ಕನ್ನಡ ಮೀಡಿಯಂ. ಕನ್ನಡಕ್ಕೆ 125, ಮಿಕ್ಕ ಐದು ಸಬ್ಜೆಕ್ಟಿಗೆ ನೂರ್ನೂರು, ಒಟ್ಟು 625. ಆಗ ಗಣಿತದಲ್ಲಿ 35 ಬಂದ್ರೆ ಪಾಸು, ಆದ್ರೆ ನನಗೆ ಆ 35 ಗಗನಕುಸುಮ ಆಗೋಗಿತ್ತು. ಒಂಬತ್ತನೇ ಕ್ಲಾಸಲ್ಲಿ ಇದ್ದ ಮೇಷ್ಟ್ರು ಪೇಪರ್ ಕೊಡೋವಾಗ ಎಲ್ಲರ ಮುಂದೆ ಮಾರ್ಕ್ಸ್ ಕೂಗಿ, ನೀನು ನಿಮ್ಮಪ್ಪನ ಜೊತೆ ಬಟ್ಟೆ ಹೊಲಿಯೋಕೇ ಲಾಯಕ್ಕು ಅಂದಿದ್ರು. ನಮ್ಮಪ್ಪ ಟೈಲರು. ನನಗೆ ಬೈದಿದ್ದಕ್ಕಿಂತ ಅಪ್ಪನ ಕೆಲ್ಸನ ಹಂಗೆ ಎಳೆದು ತಂದಿದ್ದು ಇವತ್ತಿಗೂ ಹೊಟ್ಟೇಲಿ ಚುಚ್ಚುತ್ತೆ.

ಹತ್ತನೇ ಕ್ಲಾಸಿಗೆ ಹೊಸ ಸರ್ ಟ್ರಾನ್ಸ್‌ಫರ್ ಆಗಿ ಬಂದ್ರು. ಅರ್ಧವಾರ್ಷಿಕದಲ್ಲಿ ನನಗೆ 14. ಅವ್ರು ಕೂಗ್ಲಿಲ್ಲ, ಪೇಪರನ್ನ ಮಡಚಿ ಕೈಗೆ ಕೊಟ್ರು ಅಷ್ಟೇ. ಬಿಚ್ಚಿ ನೋಡಿದ್ರೆ ನೇರ ಸಾಮಾನ್ಯ ಸ್ಪರ್ಶಕದ (ಎರಡು ವೃತ್ತಗಳನ್ನ ಒಂದೇ ಕಡೆಯಿಂದ ಮುಟ್ಟೋ ಗೆರೆ) ರಚನೆಗೆ ನಾಲ್ಕಕ್ಕೆ ನಾಲ್ಕು, ಪಕ್ಕದಲ್ಲಿ ಕೆಂಪು ಪೆನ್ನಲ್ಲಿ "ಗೆರೆ ಬಹಳ ಚೆನ್ನಾಗಿದೆ, ಸಂಜೆ ಬಂದು ಕಾಣು" ಅಂತ.

ಸ್ಟಾಫ್ ರೂಮಿಗೆ ನಡುಗ್ತಾನೇ ಹೋದೆ. ಸರ್ ಕೇಳಿದ ಮೊದಲ್ನೇ ಪ್ರಶ್ನೆ, ಪೆನ್ಸಿಲ್ ಹೆಂಗೆ ಚೂಪು ಮಾಡ್ತೀಯ ಅಂತ! ಬ್ಲೇಡಲ್ಲಿ ಸರ್, ಅಂಗಡೀಲಿ ಬಟ್ಟೆ ಮೇಲೆ ಮಾರ್ಕ್ ಮಾಡೋ ಚಾಕ್ ಥರ, ಅದರ ಅಂಚು ದಪ್ಪ ಆದ್ರೆ ಕಟಿಂಗ್ ಕಾಲಿಂಚು ಆಚೀಚೆ ಆಗುತ್ತೆ ಅಂದೆ. ಅವ್ರು ಪೇಪರನ್ನ ಬೆಳಕಿಗೆ ಹಿಡಿದು ಆ ರಚನೆ ತೋರ್ಸಿದ್ರು. 4 ಸೆಂ.ಮೀ. ತ್ರಿಜ್ಯದ ವೃತ್ತ ಒಂದು, 2 ಸೆಂ.ಮೀ.ದು ಇನ್ನೊಂದು, ಕೇಂದ್ರಗಳ ಮಧ್ಯೆ 9. ದೊಡ್ಡ ತ್ರಿಜ್ಯದಲ್ಲಿ ಚಿಕ್ಕದನ್ನ ಕಳೆದು ಒಳಗೊಂದು ವೃತ್ತ ಎಳೆದು ಶುರು ಮಾಡ್ಬೇಕು. ನಾನು ಸ್ಪರ್ಶಕದ ಉದ್ದ 8.8 ಅಂತ ಬರ್ದಿದ್ದೆ. "ಲೆಕ್ಕ ಮಾಡಿದ್ರೂ ಇಷ್ಟೇ ಬರೋದು ಕಣೋ, ಇಡೀ ಕ್ಲಾಸಲ್ಲಿ ಇಷ್ಟು ಸರಿಯಾಗಿ ಅಳೆದಿರೋದು ನೀನೊಬ್ನೇ" ಅಂದ್ರು.

ಆಮೇಲೆ ಪ್ರಮೇಯದ ಪ್ರಶ್ನೆಗೆ ಬಂದ್ರು. ಅಲ್ಲಿ ನಾನು ಖಾಲಿ ಬಿಟ್ಟಿದ್ದೆ, ಸಾಧನೆ, ಅಂದ್ರೆ ಅದು ನಿಜ ಅಂತ ಹಂತಹಂತವಾಗಿ ತೋರ್ಸೋದು, ಬರಲ್ಲ ಅಂದ್ಮೇಲೆ ಯಾಕೆ ಬರೀಬೇಕು ಅಂತ. ಸರ್ ಬೆರಳು ಮಡಚಿ ಎಣಿಸಿದ್ರು: ಚಿತ್ರಕ್ಕೆ ಅರ್ಧ, ದತ್ತಕ್ಕೆ (ಏನು ಕೊಟ್ಟಿದ್ದಾರೆ ಅಂತ ಬರೆಯೋದು) ಅರ್ಧ, ಸಾಧನೀಯಕ್ಕೆ (ಏನು ಸಾಧಿಸ್ಬೇಕು ಅಂತ ಬರೆಯೋದು) ಅರ್ಧ, ರಚನೆಗೆ ಅರ್ಧ, ಎರಡು ಮಾರ್ಕು ನಿಂದಾಗಿತ್ತು, ನೀನೇ ಬಿಟ್ಟು ಬಂದೆ. ಹಂಗೇ ಪೂರ್ತಿ ಪೇಪರ್ ತಿರುವಿ ನನಗೆ ಗೊತ್ತಿದ್ದೂ ಬರೀದೇ ಬಿಟ್ಟ ಹಂತಗಳನ್ನೆಲ್ಲ ಕೂಡಿಸಿದ್ರೆ ಇನ್ನೂ ಹತ್ತು ಹನ್ನೊಂದು ಮಾರ್ಕ್ಸ್ ಆಯ್ತು. ಅಂದ್ರೆ ನಾನು ಹದಿನಾಲ್ಕರ ಹುಡುಗ ಅಲ್ಲ, ಇಪ್ಪತ್ತೈದರ ಹತ್ರ ಇದ್ದೆ! ನೀನು ಜಾಣ, ನಿನ್ ಕೈಲಾಗುತ್ತೆ ಅಂತ ಸುಮ್ನೆ ಬೆನ್ನು ತಟ್ಟಿದ್ರೆ ನಾನು ನಂಬ್ತಿರ್ಲಿಲ್ಲ, ಅಂಥ ಮಾತು ಬೇಕಾದಷ್ಟು ಕೇಳಿದ್ದೆ. ಇವ್ರು ನನ್ನ ಪೇಪರಲ್ಲೇ ನನಗೆ ಕಾಣದೇ ಇದ್ದಿದ್ದನ್ನ ಬೆರಳಿಟ್ಟು ತೋರ್ಸಿದ್ರು.

ಮನೇಲಿ ಅಪ್ಪ ಆ ಹಾಳೆ ನೋಡಿ ಮಾರ್ಕ್ಸ್ ಕಡೆ ಕಣ್ಣೂ ಹಾಕ್ಲಿಲ್ಲ, ಹೆಬ್ಬೆರಳಿಂದ ಆ ಗೆರೆ ಸವರಿ, ಮಷಿನ್ ಡ್ರಾಯರಲ್ಲಿ ಬಾಬಿನ್‌ಗಳ ಪಕ್ಕ ಇಟ್ಕೊಂಡ್ರು.

ಅಲ್ಲಿಂದ ದಿನಾ ಸಂಜೆ ಒಂದು ರಚನೆ, ಆಮೇಲೆ ಗ್ರಾಫು, ಆಮೇಲೆ ಪ್ರಮೇಯ. ತಪ್ಪಿದ್ರೆ ತಪ್ಪು ಅಂತಾನೇ ಹೇಳೋರು, ಮುಲಾಜಿಲ್ಲ. ತ್ರಿಭುಜದ ಬಾಹುಗಳ ಅನುಪಾತದ ಥೇಲ್ಸ್ ಪ್ರಮೇಯ ಒಂಬತ್ತು ಸಲ ಬರ್ಸಿದ್ರು, ಎಂಟು ಸಲ ಎಲ್ಲಾದ್ರೂ ಒಂದು ಕಡೆ ಸಿಕ್ಕಾಕ್ಕೊಳ್ತಿದ್ದೆ.

ರಿಸಲ್ಟಲ್ಲಿ ಗಣಿತಕ್ಕೆ 58. ಬಸ್‌ಸ್ಟ್ಯಾಂಡಿನ ಕಾಯಿನ್ ಬೂತಿಂದ ಸರ್‌ಗೆ ಫೋನ್ ಮಾಡ್ದೆ, ಕೈಲಿ ಎರಡೇ ರೂಪಾಯಿ ಇದ್ದಿದ್ದು. ಮಾರ್ಕ್ಸ್ ಹೇಳಿದ ತಕ್ಷಣ ಅವ್ರು ಕೇಳಿದ್ದು, "ಪ್ರಮೇಯ ಖಾಲಿ ಬಿಡ್ಲಿಲ್ಲ ತಾನೇ?" ಇಲ್ಲ ಸರ್, ಕೊನೇ ಸಾಲಿನವರೆಗೂ ಬರ್ದೆ ಅಂದೆ. ಆ ಕಡೆ ಸರ್ ನಗೋದು ಕೇಳಿಸ್ತು, ಅಷ್ಟರಲ್ಲಿ ಕಾಯಿನ್ ಮುಗೀತು.