ದೊಡ್ಡತ್ತೆ ವರ್ಸಸ್ ಅಪ್ಪ: ಕುರ್ಚಿ ಮೇಲಿನ ಕಾಳಗ

ಫಿಸಿಯೋ ಕೊಟ್ಟಿದ್ದ ವ್ಯಾಯಾಮದ ಹಾಳೆನ ಫ್ರಿಜ್ ಬಾಗಿಲಿಗೆ ಅಂಟಿಸಿ ತುಂಬಾ ದಿನ ಆಗಿತ್ತು. ಅದರಲ್ಲಿರೋ ಗೆರೆಚಿತ್ರದ ಮನುಷ್ಯ ಕುರ್ಚಿಲಿ ಕೂತು ಕಾಲೆತ್ತಿದ್ದೇ ಎತ್ತಿದ್ದು, ನಮ್ಮಪ್ಪ ಮಾತ್ರ ಒಂದಿನಾನೂ ಎತ್ತಲಿಲ್ಲ. ಕೇಳಿದ್ರೆ "ಈಗ ತಾನೇ ಕೂತಿದ್ದೀನಿ ಕಣಮ್ಮ, ಆಮೇಲೆ ಮಾಡ್ತೀನಿ" ಅನ್ನೋರು. ಕೂತ್ಕೊಂಡೇ ಮಾಡೋದು ಅಪ್ಪಾ ಅದು ಅಂದ್ರೆ ಪೇಪರ್ ಅಡ್ಡ ಹಿಡಿಯೋರು. ಆದ್ರೆ ಸೋಫಾದಿಂದ ಏಳೋವಾಗ ಎರಡೂ ಕೈ ಊರಿ, ಒಂದ್ಸಲ ಹಿಂದೆ ಮುಂದೆ ತೂಗಿ, ಆಮೇಲೆ ಏಳ್ತಾ ಇದ್ದಿದ್ದನ್ನ ನಾನು ನೋಡ್ತಾನೇ ಇದ್ದೆ.

ಆ ಭಾನುವಾರ ದೊಡ್ಡತ್ತೆ ಬಂದಿದ್ರು, ಅಪ್ಪನ ಅಕ್ಕ, ವಯಸ್ಸು 81. ಜೊತೆಗೆ ಸೋದರಮಾವನೂ ಇದ್ರು, ಅವರಿಗೆ ಸೊಂಟದ ಕೀಲು ಬದಲಾಯಿಸೋ ಆಪರೇಷನ್ ಆಗಿತ್ತು. ಅಮ್ಮ ಅಂತೂ ಮನೇಲೇ ಇದ್ರು. ನಾಲ್ಕು ಜನ ಸಿಕ್ಕಿದ್ದೇ ಅವಕಾಶ ಅಂತ ಊಟದ ಮೇಜಿನ ಕುರ್ಚಿಗಳನ್ನೆಲ್ಲ ಹಾಲ್‌ಗೆ ತಂದು ಬೆನ್ನು ಗೋಡೆಗೆ ಒತ್ತೋ ಹಾಗೆ ಎದುರುಬದುರು ಹಾಕಿದೆ. ಚಕ್ರ ಇರೋ ಕುರ್ಚಿ, ಹಗುರವಾದ ಪ್ಲಾಸ್ಟಿಕ್ ಕುರ್ಚಿ ಎರಡೂ ಬೇಡ, ಏಳೋವಾಗ ಹಿಂದಕ್ಕೆ ಜಾರುತ್ತೆ. ಮ್ಯಾಟ್ ಕೂಡ ಸುತ್ತಿ ಪಕ್ಕಕ್ಕಿಟ್ಟೆ.

ಮೊದಲು ಒಂದು ಟೆಸ್ಟ್ ಮಾಡಿಸಿದೆ. ಸುಮಾರು 17 ಇಂಚು ಎತ್ತರದ ಕುರ್ಚಿಲಿ ಕೂತು, ಎರಡು ಕೈನೂ ಎದೆ ಮೇಲೆ ಅಡ್ಡ ಕಟ್ಕೊಂಡು, 30 ಸೆಕೆಂಡಲ್ಲಿ ಎಷ್ಟು ಸಲ ಪೂರ್ತಿ ಎದ್ದು ಕೂರ್ತೀರಿ ಅನ್ನೋದು, ಅಷ್ಟೇ. ಅಮೆರಿಕದ ಜೋನ್ಸ್ ಮತ್ತು ರಿಕ್ಲಿ ಅನ್ನೋರು 1999ರಲ್ಲಿ ಪ್ರಕಟ ಮಾಡಿದ ಪರೀಕ್ಷೆ ಇದು, ಈಗ ಫಿಸಿಯೋಗಳು ಎಲ್ಲ ಕಡೆ ಬಳಸ್ತಾರೆ. 75ರಿಂದ 79ರ ಗಂಡಸರು 11ಕ್ಕಿಂತ ಕಮ್ಮಿ ಮಾಡಿದ್ರೆ ಕಾಲಿನ ಬಲ ಕಮ್ಮಿ, ಬೀಳೋ ಅಪಾಯ ಇದೆ ಅಂತ ಲೆಕ್ಕ, 80ರಿಂದ 84ರ ಹೆಂಗಸರಿಗೆ ಆ ಗೆರೆ 9. ಏಳೋಕೆ ಕೈ ಊರಿದ್ರೆ ಸೊನ್ನೆ. ಮಾವ ಬರೀ ಟೈಮ್ ನೋಡೋ ಕೆಲಸ ವಹಿಸ್ಕೊಂಡ್ರು. ಅಪ್ಪ, 77 ವಯಸ್ಸು, ಎಂಟಕ್ಕೇ ಉಸ್ಸಪ್ಪ ಅಂದ್ರು. ದೊಡ್ಡತ್ತೆ ಸೆರಗು ಸಿಕ್ಕಿಸ್ಕೊಂಡು ಹತ್ತು ಮಾಡಿ "ಏನೋ, ಇಷ್ಟೇನಾ ನೀನು" ಅಂದ್ರು ನೋಡಿ, ಮುಗೀತು, ಅಪ್ಪ ಪೇಪರ್ ಮಡಿಚಿಟ್ರು. ಡಾಕ್ಟರು, ಫಿಸಿಯೋ, ನಾನು, ಅಮ್ಮ ಎಲ್ಲ ಸೇರಿ ಹೇಳಿದ್ರೂ ಆಗದೇ ಇದ್ದಿದ್ದು ಅಕ್ಕನ ಒಂದು ಮಾತಿಂದ ಆಯ್ತು.

ಶುರು ಮಾಡಿದ್ದು ಬಲೂನ್ ಫುಟ್‌ಬಾಲ್. ಕೂತಲ್ಲೇ ಕೂತು, ಕುರ್ಚಿಯ ಎರಡು ಅಂಚು ಹಿಡ್ಕೊಂಡು, ಬಲೂನ್ ನೆಲಕ್ಕೆ ಬೀಳದ ಹಾಗೆ ಕಾಲಲ್ಲಿ ಒದ್ದು ಆ ಕಡೆ ಕಳಿಸ್ಬೇಕು. ನಗು ಅಂದ್ರೆ ನಗು, ಮಾವನ ಕನ್ನಡಕ ಒಂದ್ಸಲ ಹಾರಿಹೋಯ್ತು. ಆದ್ರೆ ಸ್ವಲ್ಪ ಹೊತ್ತು ನೋಡಿದ ಮೇಲೆ ನನಗೆ ಒಂದು ಅನಿಸ್ತು, ನಗು ಬರ್ತಿದೆ, ತೊಡೆಗೆ ಕೆಲಸ ಎಲ್ಲಿ ಬರ್ತಿದೆ? ಬಲೂನ್‌ಗೆ ತೂಕ ಇಲ್ಲ, ಪಾದ ಒಂಚೂರು ಕುಣಿಸಿದ್ರೂ ಹಾರುತ್ತೆ. ವಯಸ್ಸಾದವರ ಆಟ ಅಂತ ನಾವು ಮಾಡಿಸೋದ್ರಲ್ಲಿ ಬಹಳಷ್ಟು ಹೀಗೇ ಇರುತ್ತೆ, ಪಾಪ ಅವರಿಗೆ ಕಷ್ಟ ಆಗ್ಬಾರ್ದು ಅಂತ ಎಷ್ಟು ಸುಲಭ ಮಾಡ್ತೀವಿ ಅಂದ್ರೆ ಸ್ನಾಯುಗೆ ಗೊತ್ತೇ ಆಗಲ್ಲ. 1990ರಲ್ಲಿ ಬಾಸ್ಟನ್ ಕಡೆ ವೃದ್ಧರ ಆರೈಕೆ ಕೇಂದ್ರದಲ್ಲಿದ್ದ ಹತ್ತು ಜನ, ಹತ್ತಿರ ಹತ್ತಿರ 90 ವಯಸ್ಸಿನವರು, ಅವರಿಗೆ 8 ವಾರ ಕಾಲಿಗೆ ನಿಜವಾದ ಭಾರ ಕೊಟ್ಟು ವ್ಯಾಯಾಮ ಮಾಡಿಸಿದ್ರು, ಪೂರ್ತಿ ಮಾಡಿದವರ ತೊಡೆ ಬಲ ಸರಾಸರಿ 174 ಪರ್ಸೆಂಟ್ ಜಾಸ್ತಿ ಆಯ್ತು. ಅಂದ್ರೆ 90ಕ್ಕೂ ಸ್ನಾಯು ಬೆಳೆಯುತ್ತೆ, ಆದ್ರೆ ಭಾರ ಬೇಕು.

ಅದ್ಕೆ ರೂಲ್ಸ್ ಬದಲಾಯಿಸಿದೆ. ಎದುರಿನವರು ಒದ್ದ ತಕ್ಷಣ ಈ ಕಡೆಯವರು ಒಂದು ಕಾಲನ್ನ ಮಂಡಿ ನೇರ ಆಗೋ ತನಕ ಎತ್ತಿ, ಪಾದದ ತುದಿನ ತಮ್ಮ ಕಡೆ ಎಳ್ಕೊಂಡು, ಬಲೂನ್ ಬರೋ ತನಕ ಹಾಗೇ ಹಿಡೀಬೇಕು, ಇಳಿಸಿದ್ರೆ ಪಾಯಿಂಟ್ ಹೋಯ್ತು. ದೊಡ್ಡತ್ತೆಗೆ ಇದರ ಗುಟ್ಟು ತಕ್ಷಣ ಹೊಳೀತು. ಬೇಕಂತಲೇ ಸೂರು ಮುಟ್ಟೋ ಹಾಗೆ ಎತ್ತರಕ್ಕೆ ಒದೆಯೋರು, ಅದು ತೇಲಿ ತೇಲಿ ಇಳಿಯೋ ತನಕ ಅಪ್ಪ ಕಾಲು ಚಾಚ್ಕೊಂಡು ನಡುಗ್ತಾ ಕಾಯ್ಬೇಕು. "ಅಕ್ಕ, ಇದು ಮೋಸ" ಅಂತ ಅಪ್ಪ, "ಕಾಲು ಇಳಿಸ್ಬೇಡ್ವೋ" ಅಂತ ಅವರು. ಮಂಡಿ ಮೇಲಿರೋ ತೊಡೆ ಸ್ನಾಯು ಗಟ್ಟಿಯಾಗೋದು ಪಂಚೆ ಮೇಲೇ ಕಾಣ್ತಿತ್ತು.

ಆಮೇಲೆ ದಿಂಬಿನ ಆಟ. ಎರಡು ಮಂಡಿ ಮಧ್ಯೆ ಚಿಕ್ಕ ದಿಂಬು ಇಟ್ಟು ಒತ್ತಿ ಹಿಡ್ಕೊಂಡು, ನಾನು ಒಂದು ಅಕ್ಷರ ಹೇಳಿದ್ರೆ ಆ ಅಕ್ಷರದ ಐದು ಹೆಸರು ಹೇಳ್ಬೇಕು. ಇದರಲ್ಲಿ ಒಂದು ಲಾಭ ಇದೆ, ಬಾಯಿ ಮಾತಾಡ್ತಾ ಇದ್ರೆ ಉಸಿರು ಕಟ್ಟೋಕಾಗಲ್ಲ. ಉಸಿರು ಬಿಗಿ ಹಿಡಿದು ಬಲ ಹಾಕಿದ್ರೆ ಬಿಪಿ ಏರುತ್ತೆ, ವಯಸ್ಸಾದವರು ಗೊತ್ತಿಲ್ದೇ ಹಾಗೆ ಮಾಡ್ತಾರೆ. ಮಾವ ಆಪರೇಷನ್ ಆದವರಾದ್ದರಿಂದ ಅವರ ಫಿಸಿಯೋನ ಮೊದಲೇ ಕೇಳಿದ್ದೆ, ಕಾಲ ಮೇಲೆ ಕಾಲು ಹಾಕೋದು, ತುಂಬಾ ಬಗ್ಗೋದು ಯಾವುದೂ ಅವರಿಗಿರಲಿಲ್ಲ.

ಹಾಡು ಹಾಕಿ ತಾಳಕ್ಕೆ ಹಿಮ್ಮಡಿ ಎತ್ತೋದು, ಪಾದದ ತುದಿ ಎತ್ತೋದು ಮಾಡಿಸಿದೆ. ಅಮ್ಮನಿಗೆ ಇದು ಇಷ್ಟ ಆಯ್ತು, ಸಂಜೆ ಹೊತ್ತಿಗೆ ಅವರ ಪಾದ ಊದ್ಕೊಳ್ಳುತ್ತೆ. ಮೀನಖಂಡ ಬಿಗಿದು ಸಡಿಲ ಆದಂಗೆಲ್ಲ ಕಾಲಲ್ಲಿ ನಿಂತ ರಕ್ತ ಮೇಲಕ್ಕೆ ಹೋಗುತ್ತೆ. ತುದಿ ಎತ್ತೋ ಸ್ನಾಯು ಸೋತ್ರೆ ನಡೆಯೋವಾಗ ಬೆರಳು ಮ್ಯಾಟ್ ಅಂಚಿಗೆ ತಗಲಿ ಮುಗ್ಗರಿಸೋದು. ಕಾಲ್ಬೆರಳಲ್ಲಿ ಟವೆಲ್ ಮುದುಡೋ ಆಟನೂ ಆಡಿದ್ವಿ, ತಮಾಷೆಗೆ ಸರಿ.

ನಿಜವಾದ ಆಟ ಕೊನೇಗೆ ಬಂತು, ಇಸ್ಪೀಟು. ನಾಲ್ಕೂ ಜನ ಇಸ್ಪೀಟು ಅಂದ್ರೆ ಪ್ರಾಣ ಬಿಡೋರು. ನನ್ನ ಷರತ್ತು ಒಂದೇ, ಎಲೆ ಇಳಿಸ್ಬೇಕು ಅಂದ್ರೆ ಎದ್ದು ನಿಂತು ಇಳಿಸ್ಬೇಕು, ಆಮೇಲೆ ಒಂದು ಎರಡು ಮೂರು ಅಂತ ಎಣಿಸ್ತಾ ನಿಧಾನಕ್ಕೆ ಕೂರ್ಬೇಕು. ಧೊಪ್ ಅಂತ ಕೂತ್ರೆ ಎಲೆ ವಾಪಸ್. ಈ ನಿಧಾನಕ್ಕೆ ಕೂರೋದ್ರಲ್ಲೇ ಎಲ್ಲ ಇರೋದು, ಮೈ ಭಾರನ ತೊಡೆ ತಡೆದು ತಡೆದು ಇಳಿಸ್ಬೇಕು, ಮನೇಲಿ ಡಂಬಲ್ ಇಲ್ದೇ ಇದ್ರೂ ನಮ್ಮ ತೂಕ ಅಂತೂ ಇದ್ದೇ ಇರುತ್ತಲ್ಲ. ಏಳೋಕೆ ಪಾದನ ಮಂಡಿಗಿಂತ ಸ್ವಲ್ಪ ಹಿಂದಕ್ಕೆ ಎಳ್ಕೊಂಡು, ಮೂಗು ಕಾಲ್ಬೆರಳಿನ ಮೇಲೆ ಬರೋ ಹಾಗೆ ಮುಂದಕ್ಕೆ ಬಾಗಿ ಅಂತ ತೋರಿಸಿದ್ಮೇಲೆ ಅಪ್ಪನಿಗೆ ತೂಗಾಡೋ ಕೆಲಸ ತಪ್ಪಿತು. ಮಾವನ ಕುರ್ಚಿ ಮೇಲೆ ಗಟ್ಟಿ ಕುಶನ್ ಹಾಕಿ ಎತ್ತರ ಮಾಡಿ, ಪಕ್ಕದಲ್ಲಿ ನಾನೇ ನಿಂತಿದ್ದೆ. ಅಪ್ಪ ಒಂದ್ಸಲ ಒಳ್ಳೇ ತುರುಪು ಇಟ್ಕೊಂಡು ಧೊಪ್ಪಂತ ಕೂತು, ದೊಡ್ಡತ್ತೆ ಎಲೆ ವಾಪಸ್ ಕೊಡಿಸಿ, ಅದರ ಮೇಲೆ ನಡೆದ ಜಗಳ ಕೇಳಿ ಪಕ್ಕದ ಮನೆಯವರು ಕಿಟಕೀಲಿ ನೋಡಿದ್ರು.

ಮಾರನೇ ದಿನ ಇಬ್ಬರಿಗೂ ತೊಡೆ ನೋವು, ಇಬ್ಬರೂ ಒಪ್ಕೊಳ್ಳಲಿಲ್ಲ. ಸ್ನಾಯು ಹೀಗೆ ಒಂದೆರಡು ದಿನ ನೋಯೋದು ಮಾಮೂಲು, ಕೀಲು ಊದಿದ್ರೆ, ಚುಚ್ಚಿದಂಗೆ ನೋವು ಬಂದ್ರೆ ಮಾತ್ರ ನಿಲ್ಲಿಸಿ ಡಾಕ್ಟರಿಗೆ ತೋರಿಸ್ಬೇಕು. ವಿಶ್ವ ಆರೋಗ್ಯ ಸಂಸ್ಥೆ 65 ದಾಟಿದವರಿಗೆ ವಾರಕ್ಕೆ ಕನಿಷ್ಠ 2 ದಿನ ಸ್ನಾಯು ಬಲಪಡಿಸೋ ವ್ಯಾಯಾಮ ಅನ್ನುತ್ತೆ, ನಾವು ಮಧ್ಯೆ ಬಿಡುವು ಕೊಟ್ಟು ಇಸ್ಪೀಟಿನ ದಿನಗಳನ್ನೇ ಅದಕ್ಕೆ ಹಾಕ್ಕೊಂಡಿದ್ದೀವಿ.

ದೊಡ್ಡತ್ತೆ ಅವರ ಮನೆಗೆ ಹೋದ್ಮೇಲೂ ಸ್ಕೋರ್ ಫೋನಲ್ಲಿ ಬರ್ತಾ ಇದೆ. ಮೊನ್ನೆ 12 ಅಂದ್ರು. ಅಪ್ಪ ನಂಬಲಿಲ್ಲ, "ಅವಳ ಕುರ್ಚಿ ಎತ್ತರ ಇರುತ್ತೆ, ಟೇಪ್ ಹಿಡಿದು ಅಳೆದು ಫೋಟೋ ಕಳಿಸೋಕೆ ಹೇಳು" ಅಂತ ನನ್ನ ಪ್ರಾಣ ತಿಂದ್ರು. ಫೋಟೋ ಬಂತು, 19 ಇಂಚು. ಈಗ ಆ 12 ಲೆಕ್ಕಕ್ಕಿಲ್ಲ ಅಂತ ಅಪ್ಪ, ಅದೇನು ನನ್ನ ತಪ್ಪಾ ಅಂತ ಅವರು.